ಬಾಗಲಿಲ್ಲದ ಗ್ವಾಡಿ

ಮೊನ್ನೆ ಮಸ್ಕಿಯಿಂದ ಸಿಂಧನೂರಿಗೆ ಬರೋ ಬಸ್ಸಿನ್ಯಾಗ ನನ್ನ ಬಾಜೂಕ ಒಬ್ಬ ಮುದುಕಿ ಕುಂತಿದ್ಳು. ತೊಡಿ ಮ್ಯಾಲ ಒಂದು ಗೋಣಿಚೀಲ. ಅದನ್ನ ಎರಡೂ ಕೈಲೆ ಅವಚಿ ಹಿಡಕೊಂಡಿದ್ದ ರೀತಿ ನೋಡಿ ನನಗ ಡೌಟು ಬಂತು. ಕಾಳು ಆಗಿದ್ರ ಕಾಲಾಗ ಇಡತಿದ್ಳು, ಕೋಳಿ ಆಗಿದ್ರ ಸಪ್ಪಳ ಬರ್ತಿತ್ತು. ಹಂಗಾರ ಏನಿದು? ಎರಡು ಸ್ಟಾಪು ತಡಕೊಂಡೆ, ಮೂರನೇದಕ್ಕ ಆಗಲಿಲ್ಲ. "ಏನೈತಿ ಯವ್ವಾ ಚೀಲದಾಗ?" ಅಂದೇಬಿಟ್ಟೆ. ಆಕಿ ನನ್ನ ಮಾರಿ ಒಂದು ಸಲ ನೋಡಿ ಚೀಲದ ಬಾಯಿ ಬಿಚ್ಚಿ ತೋರಿಸಿದ್ಳು. ಕೆಂಪನ್ನ ಮಸಾರಿ ಮಣ್ಣು. ಹೊಸಾ ಒಲಿ ಹಾಕಾಕ ತಂಗಿ ಊರಿಂದ ಒಯ್ಯಾಕತ್ತಿದ್ಳಂತ. "ನಮ್ಮ ಕಡಿ ಬರೇ ಕರೀ ಎರಿ ಮಣ್ಣಪಾ, ಒಲಿ ಹಾಕಿದ್ರ ಸೀಳತೈತಿ," ಅಂದ್ಳು. ಮಣ್ಣು ಇನ್ನೂ ಒಂಚೂರು ಹಸೀ ಇತ್ತು. ಅದರ ವಾಸನಿ ಮೂಗಿಗೆ ಬಡದದ್ದ ತಡ, ನನಗ ಮುಂದ ಮಾತ ಬರಲಿಲ್ಲ. ಸಿಂಧನೂರು ಬರೋತನಕ ಕಿಡಕಿ ಕಡಿ ಮಾರಿ ಮಾಡಿ ಕುಂತೆ.

ಯಾಕ ಅಂತ ಹೇಳತೀನಿ. ಆದ್ರ ಅದಕ್ಕ ಮೊದಲು ನನ್ನ ಒಂದು ರೋಗದ ಬಗ್ಗೆ ಹೇಳಬೇಕು. ನಾ ಸಂಶಯದ ಮನಶ್ಯಾ. ಸಿಂಧನೂರಾಗ ನಂದೊಂದು ಬೀಜ-ಗೊಬ್ಬರದ ಅಂಗಡಿ ಐತಿ. ಬೀಜದ ಯಾಪಾರ ನಂಬಿಕಿ ಮ್ಯಾಲ ನಡೀತೈತಿ ಅಂತ ಮಂದಿ ಅಂತಾರ; ಯಾವ ಮಂದಿ ಅಂತಾರೋ ಏನೋ. ನಾ ಅಂತೂ ಹೊಸಾ ಮಾಲು ಬಂದ್ರ ಒಂದು ಹಿಡಿ ಕಾಳು ಹಸೀ ಅರಿವ್ಯಾಗ ಕಟ್ಟಿಟ್ಟು, ಮೊಳಕಿ ಕಣ್ಣಿಂದ ನೋಡಿದ ಮ್ಯಾಲನ ಪಾಕೀಟು ಹೊರಗ ಇಡಾಂವ. ಅಂಗಡಿ ಕೀಲಿ ಹಾಕಿ ಮೂರು ಸಲ ಜಗ್ಗತೀನಿ. ಮನಿಗೆ ಹೋಗಿ ಚಪ್ಪಲಿ ಬಿಟ್ಟ ಮ್ಯಾಲ, ಜಗ್ಗಿದ್ದು ನಮ್ಮ ಅಂಗಡಿ ಕೀಲಿನೋ ಬಾಜೂ ಅಂಗಡಿ ಕೀಲಿನೋ ಅಂತ ಮತ್ತ ಬಂದು ಜಗ್ಗತೀನಿ. ನಮ್ಮ ಮನಿಯಾಕಿ ಗಿರಿಜಾ ಇದನ್ನೆಲ್ಲಾ ಮೂವತ್ತು ವರ್ಷದಿಂದ ನೋಡ್ಯಾಳ. "ನಿಮಗ ಕೈಲಾಸದ ಬಾಗಲಾ ತಗದು ಬರ್ರಿ ಅಂದ್ರೂ, ಯಾಕ ಕರಿಯಾಕತ್ತೀರಿ ಅಂತ ಕೇಳತೀರಿ," ಅಂತಾಳ. ನಮ್ಮ ಕಾಲುವಿ ಭಾಗದಾಗ ಆಂಧ್ರದ ಮಂದಿಯ ಕ್ಯಾಂಪುಗಳು ಅದಾವಲ್ಲ, ಅಲ್ಲಿಯ ಗಿರಾಕಿಯೊಬ್ಬಾತ ನನ್ನ ಕಂಡಾಗೊಮ್ಮೆ "ಅನುಮಾನಂ ಪೆನುಭೂತಂ" ಅಂತ ತೆಲುಗಿನ್ಯಾಗ ಹೇಳಿ ನಗತಾನ. ಅನುಮಾನ ಅನ್ನೋದು ದೊಡ್ಡ ದೆವ್ವ ಅಂತ. ನಾನೂ ನಗತೀನಿ, ಮತ್ತ ಆತ ಯಾಕ ನಕ್ಕ ಅಂತ ಸಂಜಿತನಕ ಯೋಚನಿ ಮಾಡತೀನಿ.

ಗೊರೇಬಾಳದಾಗ ನಮ್ಮದು ಮೂರು ಎಕರೆ ಗದ್ದಿ ಐತಿ. ಒಂದು ಮೂಲಿ ಕಾಲುವಿಗೆ ಹತ್ತಿಕೊಂಡೈತಿ. ಪಡುವಣ ಬದುವಿನ ಆಚಿ ಗೌಂಡಿ ಅಮರೇಶನ ಅರ್ಧ ಎಕರೆ. ಅಮರೇಶ ಸಂತೆಕಲ್ಲೂರಾಂವ, ಗೊರೇಬಾಳಕ್ಕ ಅಳೇತನಕ್ಕ ಬಂದಾಂವ. ಕಟ್ಟೋ ಕೆಲಸದಾಗ ಅಂವನ ಕೈ ಹಿಡಿಯೋರಿಲ್ಲ; ಲಿಂಗಸುಗೂರು, ಮುದಗಲ್‌ತನಕ ಕರೀತಾರ. ಮಾತು ಮಾತ್ರ ಕಡಿಮಿ. ಮಾತು ಕಡಿಮಿ ಇದ್ದ ಮನಶ್ಯಾರನ್ನ ಕಂಡ್ರ ನನಗ ಮೊದಲಿಂದ ಹೆದರಿಕಿ. ಬಾಯಿಬಡಕರ ಹೊಟ್ಟ್ಯಾಗಿಂದು ಹತ್ತು ನಿಮಿಷಕ್ಕ ಹೊರಗ ಬರತೈತಿ, ಇಂಥವರದು ಎಲ್ಲಿರತೈತೋ.

ಎರಡು ವರ್ಷದ ಹಿಂದ, ಸಂಕ್ರಾಂತಿ ಮುಗಿದ ಮ್ಯಾಲ, ಒಂದಿನ ಹೊಲಕ್ಕ ಹೋದ್ರ ಅಮರೇಶನ ಬದುವಿನ ಮ್ಯಾಲ ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು ಬಿದ್ದಿತ್ತು.

"ಏನಲೇ ಅಮರೇಶ, ಮಣ್ಣು?"

"ನಮ್ಮೂರಿಂದ ತರಿಸೀನ್ರಿ ಸಾವ್ಕಾರ್ರ. ಸಂತೆಕಲ್ಲೂರಿಂದ."

"ಯಾಕ, ಗೊರೇಬಾಳದಾಗ ಮಣ್ಣು ತೀರೇತೇನು?"

"ಇದು ಉಸಿಕಿನ ಮಣ್ಣ್ರಿ. ಒಂದು ಗ್ವಾಡಿ ಕಟ್ಟಬೇಕಂತ ಮಾಡೀನಿ."

"ಗ್ವಾಡಿ ಯಾತಕ್ಕ?"

"ಹಕ್ಕಿಗೆ."

ಅಷ್ಟ. ಮತ್ತ ಸಲಿಕಿ ತಗೊಂಡ. ನಾ ಬದುವಿನ ಮ್ಯಾಲ ನಿಂತು ಅಂವನ ಬೆನ್ನು ನೋಡಿದೆ. ನೀವ ಹೇಳ್ರಿ, ನಲವತ್ತು ವರ್ಷದ ಸಂಸಾರವಂದಿಗ ಗಂಡಸು, ಎರಡು ಹೆಣ್ಣುಮಕ್ಕಳ ತಂದಿ, ಎರಡು ಟ್ರ್ಯಾಕ್ಟರ್ ಮಣ್ಣು ಮೂವತ್ತು ಮೈಲಿಂದ ತರಿಸಿ, ಹಕ್ಕಿಗೆ ಗ್ವಾಡಿ ಕಟ್ಟತೀನಿ ಅಂದ್ರ ನಂಬತೀರೇನು? ನಾ ಒತ್ತಿ ಕೇಳಿದ್ದಕ್ಕ ಇನ್ನೊಂದು ನಾಕು ಮಾತು ಹೇಳಿದ. ಕಾಲುವಿಗೆ ಕಾಂಕ್ರೀಟ್ ಲೈನಿಂಗ್ ಆದ ಮ್ಯಾಲ ಕಳ್ಳಿಪೀರ ಹಕ್ಕಿಗೆ ಗೂಡು ಮಾಡಾಕ ಜಾಗ ಇಲ್ಲ. ಅವು ಗಿಡದಾಗ ಗೂಡು ಕಟ್ಟಂಗಿಲ್ಲ, ನೆಟ್ಟಗ ನಿಂತ ಮಣ್ಣಿನ ದಂಡ್ಯಾಗ ಕೈಯುದ್ದ ಬಿಲ ತೋಡತಾವ. ನಮ್ಮ ಎರಿ ಮಣ್ಣು ಬ್ಯಾಸಿಗ್ಯಾಗ ಬಿರುಕು ಬಿಟ್ಟು ಬೀಳತೈತಿ, ಅದಕ್ಕ ಮಸಾರಿ. ನಾ ತಲಿ ಅಲ್ಲಾಡಿಸಿದೆ. ಮನಸಿನ್ಯಾಗ, ಕಥಿ ಪಾಡ ಕಟ್ಟ್ಯಾನ ಮಗಾ, ಅಂದುಕೊಂಡೆ.

ಒಂದು ವಾರದಾಗ ಗ್ವಾಡಿ ಎದ್ದು ನಿಂತಿತು. ಆಳೆತ್ತರ, ಹನ್ನೆರಡು ಹೆಜ್ಜಿ ಉದ್ದ, ಮೂರು ಮೊಳ ದಪ್ಪ. ಮುದಗಲ್ ಕೋಟಿ ನೋಡಿದೋರಿಗೆ ಆ ದಪ್ಪ ತಿಳಿತೈತಿ. ಬಾಗಲಿಲ್ಲ, ಕಿಡಕಿಯಿಲ್ಲ, ಮ್ಯಾಲ ಬರೇ ಒಂದು ತಗಡು, ಮಳಿಗೆ. ಎರಡೂ ತುದಿಗೆ ಕಲ್ಲು ಕಟ್ಟಿ, ನಡುವ ಮಣ್ಣು ತುಳದು ತುಳದು ತುಂಬ್ಯಾನ. ಮೂಡಣದ ಮುಖ ಮಾತ್ರ ಕರಣಿಲೆ ಕೆತ್ತಿ, ದಾರಕ್ಕ ಗುಂಡು ಕಟ್ಟಿ ನೋಡಿ, ಒಂದು ಕೂದಲೆಳಿ ವಾರಿ ಇಲ್ದಂಗ ನೆಟ್ಟಗ ಮಾಡಿದ್ದ. ಸಿಮೆಂಟ್ ಒಂದು ಹಿಡಿ ಹಾಕಿಲ್ಲ. ಲಿಂಗಸುಗೂರಿನ್ಯಾಗ ಮೂರಂತಸ್ತಿನ ಮನಿ ಕಟ್ಟೋ ಗೌಂಡಿ, ತನ್ನ ಹೊಲದಾಗ ಸಿಮೆಂಟಿಲ್ದ ಗ್ವಾಡಿ ಕಟ್ಟತಾನಂದ್ರ ಅದರಾಗ ಏನೋ ಐತಿ ಅಂತ ನನಗ ಪಕ್ಕಾ ಆತು.

ಮೊದಲನೇ ಸಂಶಯ ಬದುವಿಂದು. ಹಗ್ಗ ಒಯ್ದು ಬಾಂದಗಲ್ಲಿಂದ ಗ್ವಾಡಿತನಕ ಅಳದೆ. ಗ್ವಾಡಿ ಅಂವನ ಕಡೀನ ಇತ್ತು, ಎರಡು ಮೊಳ ಒಳಗ. ಇದು ಇನ್ನೂ ಹೆದರಿಕಿ ವಿಷಯ. ಬದು ಒತ್ತೋ ಮನಶ್ಯಾ ಆದ್ರ ಅರ್ಥ ಆಗತಾನ. ತನ್ನ ಜಾಗಾನ ಎರಡು ಮೊಳ ಬಿಟ್ಟು ಕಟ್ಟೋ ಮನಶ್ಯಾನ ಏನಂತ ತಿಳಕೋಬೇಕು?

ಎರಡನೇ ಸಂಶಯ ಹೇಳಾಕ ನನಗ ನಾಚಿಕಿ. ಆದ್ರೂ ಹೇಳತೀನಿ, ನಮ್ಮ ಜಿಲ್ಲಾದೋರಿಗೆ ತಿಳಿತೈತಿ. ಲಿಂಗಸುಗೂರು ಕಡಿ ಮಣ್ಣು ಅಂದ್ರ ನಮಗ ಮೊದಲ ನೆನಪಾಗೋದು ಬಂಗಾರ. ಆ ಸೀಮ್ಯಾಗ ಬಂಗಾರದ ಗಣಿ ಐತಿ; ಗಣಿ ಬಾಜೂಕ ಇದ್ದ ಹಳ್ಳದ ಉಸಿಕು ತೊಳದು ಬದುಕಿದೋರ ಕಥಿ ಕೇಳಕೋತ ನಾವು ಬೆಳದೀವಿ. ಸಂತೆಕಲ್ಲೂರಿಗೂ ಆ ಗಣಿಗೂ ಸಂಬಂಧ ಇಲ್ಲ ಅಂತ ನನಗ ಗೊತ್ತು. ಆದ್ರ ಸಂಶಯಕ್ಕ ಭೂಗೋಳ ಎಲ್ಲಿಂದ ತಿಳೀಬೇಕು? ಬಿಸಿಲಾಗ ಆ ಗ್ವಾಡಿ ಮಿಣಮಿಣ ಅಂತಿತ್ತು. ಒಂದಿನ ಅಮರೇಶ ಇಲ್ಲದ ಹೊತ್ತು ನೋಡಿ ಅರ್ಧ ಬಕೀಟು ಮಣ್ಣು ಕೆರಕೊಂಡು ಬಂದೆ. ಹಿತ್ತಲದಾಗ ಕುಂತು, ರೊಟ್ಟಿ ಹಿಟ್ಟು ನಾದೋ ಪರಾತದಾಗ ಹಾಕಿ, ನೀರು ಸುರುವಿ ತಿರುವಿ ತಿರುವಿ ತೊಳದೆ. ಗಿರಿಜಾ ಬಾಗಲದಾಗ ನಿಂತು ನೋಡಾಕತ್ತಿದ್ಳು. ಕಡೀಕ ಪರಾತದ ತಳಕ್ಕ ಒಂದು ಚಿಟಿಕಿ ಹೊಳಪು ಉಳೀತು. ಬೆರಳಿಗೆ ಹಚ್ಚಿಕೊಂಡು ಆಕಿ ಮುಂದ ಹಿಡದೆ.

"ಕಾಗಿ ಬಂಗಾರ," ಅಂದ್ಳು. "ಸಣ್ಣಾಕಿ ಇದ್ದಾಗ ಗೊಂಬಿಗೆ ಹಚ್ಚತಿದ್ವಿ. ಪರಾತ ತಿಕ್ಕಿ ಇಡ್ರಿ."

ಅಲ್ಲಿಗೆ ಬಿಡಬೇಕಾಗಿತ್ತು. ಬಿಟ್ಟಿದ್ರ ನಾ ಈ ಕಥಿ ಹೇಳತಿದ್ದಿಲ್ಲ.

ಫೆಬ್ರವರಿ ತಿಂಗಳ ಪೂರಾ ಗ್ವಾಡಿ ಹಂಗ ನಿಂತಿತ್ತು. ಒಂದು ಹಕ್ಕಿ ಬರಲಿಲ್ಲ. ನಾ ಹೋದಾಗೊಮ್ಮೆ "ಏನಪಾ, ನಿನ್ನ ಬೀಗರು ಬಂದ್ರೇನು?" ಅಂತ ಕಾಡಸತಿದ್ದೆ. ಅಮರೇಶ ತಗಡಿನ ಮ್ಯಾಲಿನ ಕಲ್ಲು ಸರಿ ಮಾಡಿ, "ಬರ್ತಾವ್ರಿ," ಅಂತಿದ್ದ. ಆಮ್ಯಾಲ ಲಿಂಗಸುಗೂರಿನ್ಯಾಗ ದೊಡ್ಡ ಕೆಲಸ ಹತ್ತಿತು ಅಂತ ಅಲ್ಲೇ ಇರಾಕ ಹೋದ, ವಾರಕ್ಕೊಮ್ಮೆ ಬರೋದು. ನಾನೂ ಅಂಗಡಿ ಗದ್ದಲದಾಗ ಒಂದೂವರಿ ತಿಂಗಳು ಹೊಲದ ಕಡಿ ಹಾಯಲಿಲ್ಲ. ಎಪ್ರಿಲಿನ್ಯಾಗ ಒಂದಿನ ಮಧ್ಯಾಹ್ನ ಹೋದ್ರ, ಗ್ವಾಡಿ ಮುಖದ ಮ್ಯಾಲ ಏಳು ತೂತು. ದುಂಡಕ, ಲಿಂಬಿಹಣ್ಣು ಹಿಡಿಯೋವಷ್ಟು. ಒಂದು ಕಡ್ಡಿ ತುರಕಿದೆ, ಮೊಣಕೈತನಕ ಒಳಗ ಹೋತು. ಕೆಳಗ ಹೊಸಾ ಮಣ್ಣು ಉದುರಿ ಗುಂಪಿ ಬಿದ್ದಿತ್ತು.

ನಿಮಗ ಅನಸತೈತಿ, ಹಕ್ಕಿ ಬಂದಾವ ಅಂತ ಇಂವಗ ತಿಳೀಲಿಲ್ಲೇನು ಅಂತ. ತಿಳೀಲಿಲ್ಲ. ಹಕ್ಕಿ ಮಾತು ಅಂವನ ಸಬೂಬು ಅಂತ ಒಂದು ಸಲ ತಲ್ಯಾಗ ಕುಂತ ಮ್ಯಾಲ, ಹಕ್ಕಿ ಬಿಟ್ಟು ಉಳಿದದ್ದೆಲ್ಲಾ ಹೊಳೀತು. ಮೂರು ಮೊಳ ದಪ್ಪದ ಗ್ವಾಡಿ ನಡುವ ಏನೋ ಇಟ್ಟಾನ, ಅದನ್ನ ಯಾರೋ ಕಡ್ಡಿ ಚುಚ್ಚಿ ಹುಡಕಾಕತ್ಯಾರ. ಇಲ್ಲಾ ಇಂವನ ಪಾಲುದಾರರು ಬಂದು ನೋಡಿ ಹೋಗ್ಯಾರ. ನಾ ತೂತು ಎಣಿಸಿದೆ, ಮಣ್ಣಿನ ಗುಂಪಿ ಎಣಿಸಿದೆ, ಹೆಜ್ಜಿ ಗುರುತು ಹುಡಕಿದೆ. ತಲಿ ಮ್ಯಾಲ ಕರೆಂಟಿನ ತಂತಿ, ಅದರ ಮ್ಯಾಲ ಹಸರ ಹಕ್ಕಿಗಳ ಸಾಲು. ಟ್ರೀ ಟ್ರೀ ಅಂತ ಒದರಾಕತ್ತಿದ್ವು. ಬ್ಯಾಸಿಗ್ಯಾಗ ಹಕ್ಕಿ ಒದರತಾವ ಅಂತ ನಾ ಮ್ಯಾಲ ನೋಡಲಿಲ್ಲ.

ನಮ್ಮಪ್ಪ ಕಣದಾಗ ರಾಶಿ ಮಾಡಿದ ಮ್ಯಾಲ ಒಂದು ಕೆಲಸ ಮಾಡತಿದ್ದ. ಜ್ವಾಳದ ರಾಶಿ ಮ್ಯಾಲ ಬೂದಿಲೆ ಗುರುತು ಹಾಕತಿದ್ದ. ಒಂದು ಬೊಗಸಿ ಕಾಳು ಯಾರರ ಮುಟ್ಟಿದ್ರೂ ಬೂದಿ ಕೆಡತೈತಿ, ಮುಂಜಾನಿ ನೋಡಿದ್ರ ಕಳ್ಳತನ ತಿಳಿತೈತಿ. ಆ ಬುದ್ಧಿ ನನಗ ಆಸ್ತಿ ಜೊತಿ ಬಂದೈತಿ. ಕಾಲುವಿ ತಳದಾಗ ಉಳದಿದ್ದ ನೀರಿಲೆ ಮಣ್ಣು ಕಲಸಿ, ಏಳೂ ತೂತಿನ ಬಾಯಿ ಮೆತ್ತಿದೆ. ಮೆತ್ತಿ ನುಣ್ಣಗ ಮಾಡಿ, ಬೂದಿ ಹುಡಕಿದೆ, ಇದ್ದಿಲ್ಲ. ಕಿಸೇದಾಗ ವಿಭೂತಿ ಗಟ್ಟಿ ಇತ್ತು. ಅದನ್ನ ತೇದು, ಒಂದೊಂದರ ಮ್ಯಾಲ ಮೂರು ಬೆರಳಿಲೆ ಮೂರು ಗೆರಿ ಎಳದೆ. ನನ್ನ ಅಂಗಡಿ ತಕ್ಕಡಿಗೆ, ಗಲ್ಲಾಪೆಟಿಗಿಗೆ ದಿನಾ ಮುಂಜಾನಿ ಎಳಿಯೋ ಕೈ. ನಾ ಯೋಚನಿ ಮಾಡೋದ್ರಾಗ ಎಳದು ಮುಗಿಸಿತ್ತು. ಯಾಂವ ತಗೀತಾನ ತಗೀಲಿ, ನಾಳೆ ನೋಡತೀನಿ, ಅಂದುಕೊಂಡು ಮನಿಗೆ ಬಂದು ಎರಡು ರೊಟ್ಟಿ ಜಾಸ್ತಿ ಉಂಡೆ.

ಮರುದಿನ ಹೋದೆ. ಆರರ ಮ್ಯಾಲ ಗೆರಿ ಹಂಗ ಇದ್ವು. ನನಗ ಖುಷಿ ಆತು, ಖರೇ ಹೇಳತೀನಿ, ಖುಷಿ ಆತು. ಏಳನೇದರ ಮ್ಯಾಲ ಮಾತ್ರ ಸೂಜಿಲೆ ಕೆರದಂಗ ಗೀರು ಬಿದ್ದಿದ್ವು, ಗೆರಿ ಅಳಿಸಿತ್ತು. ಸಿಕ್ಕಿದಿ ಮಗನ, ಅಂದು ಅದರ ಮ್ಯಾಲ ಇನ್ನೊಂದು ಮುದ್ದಿ ಮಣ್ಣು ಗಟ್ಟಿಯಾಗಿ ಮೆತ್ತಿ ಬಂದೆ.

ಮೂರನೇ ದಿನ ಮುಂಜಾನಿ ಅಂಗಡಿ ಬಾಗಲಾ ತಗಿಯೋದ್ರಾಗ ಅಮರೇಶ ಬಂದು ನಿಂತಿದ್ದ. ಬೆವತು ಹೋಗಿದ್ದ.

"ಸಾವ್ಕಾರ್ರ, ಯಾರೋ ಗೂಡಿನ ಬಾಯಿ ಮುಚ್ಯಾರ. ಒಳಗ ಮರಿ ಅದಾವ. ನನ್ನೊಬ್ಬನ ಕೈಲೆ ಆಗಂಗಿಲ್ಲ, ಬರ್ರಿ."

ಮರಿ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾ ಬೆರಳು ನೋಡಿಕೊಂಡೆ. ಅಂವನ ಬೈಕಿನ ಹಿಂದ ಕುಂತು ಗೊರೇಬಾಳಕ್ಕ ಹೋದೆ. ಹೋದ ಕೂಡ್ಲೇ ನಾ ಮಾಡಿದ ಮೊದಲನೇ ಕೆಲಸ ಏನಂತೀರಿ? ಹಸೀ ಅರಿವಿ ತಗೊಂಡು, ಮಣ್ಣು ನೆನಸೋ ನೆವದಾಗ, ಆರೂ ಬಾಯಿ ಮ್ಯಾಲಿನ ಮೂರು ಗೆರಿ ಒರಸಿಬಿಟ್ಟೆ. ಮರಿ ಆಮ್ಯಾಲ ನೆನಪಾದ್ವು.

ಮಣ್ಣು ಬಿಸಿಲಿಗೆ ಹಂಚಿನಂಗ ಆಗಿತ್ತು. ಗುದ್ದಿದ್ರ ಒಳಗ ಕುಸೀತೈತಿ ಅಂತ ಅಮರೇಶ ಹಸೀ ಅರಿವಿ ಹಚ್ಚಿ ನೆನಸಿ, ಚಮಚದಿಂದ ಒಂದೊಂದು ಚೂರು ತಗದ. ನಾನೂ ತಗದೆ. ಬಿಲದ ಬಾಯಿ ಬಿಚ್ಚಿದಾಗೊಮ್ಮೆ ಅಂವ ಕಿವಿ ಹಚ್ಚಿ ಕೇಳತಿದ್ದ. ಮೊದಲನೇದರಾಗ ಕಿರ್ರ್ ಅಂತ ಸಣ್ಣ ಸಪ್ಪಳ ಬಂತು. "ಅದಾವ!" ಅಂದ. ಎರಡನೇದರಾಗ ಅದಾವ. ಮೂರನೇದಕ್ಕ ಕಿವಿ ಹಚ್ಚಿದಾಂವ ಭಾಳೊತ್ತು ಹಂಗ ನಿಂತು ನಾಕನೇದಕ್ಕ ಸರದ. ಕಡೀಕ ನಾಕರಾಗ ಸಪ್ಪಳ ಬಂತು, ಮೂರರಾಗ ಬರಲಿಲ್ಲ. ನಾ ಎರಡನೇ ಸಲ ಮೆತ್ತಿದ್ದು ಆ ಮೂರರಾಗಿಂದ ಒಂದು.

ನಾವು ಹಿಂದ ಸರದು ಬೇವಿನ ಗಿಡದ ಬುಡಕ್ಕ ಕುಂತ್ವಿ. ಹಕ್ಕಿ ಒಂದೊಂದ ತಂತಿ ಬಿಟ್ಟು ಇಳದ್ವು. ಅವತ್ತ ನಾ ಕಳ್ಳಿಪೀರನ್ನ ಸಮಾ ನೋಡಿದ್ದು. ಗಿಳಿ ಬಣ್ಣದ ಮೈ, ಕಣ್ಣಿಗೆ ಕಾಡಿಗಿ ತಿದ್ದಿದಂಗ ಕರೀ ಪಟ್ಟಿ, ಬಾಲದ ನಡುವ ಎರಡು ಸೂಜಿ ಗರಿ. ಒಂದು ಹಕ್ಕಿ ಬಾಯಾಗ ಏರೋಪ್ಲೇನ್ ಚಿಟ್ಟಿ ಹಿಡಕೊಂಡು ಬಂತು. ಸಪ್ಪಳಿಲ್ಲದ ಬಿಲದಾಗ ಹೋತು. ಸ್ವಲ್ಪೊತ್ತಿಗೆ ಹೊರಗ ಬಂತು. ಬಾಯಾಗ ಚಿಟ್ಟಿ ಹಂಗ ಇತ್ತು. ತಂತಿ ಮ್ಯಾಲ ಕುಂತು, ಮತ್ತ ಇಳದು ಒಳಗ ಹೋಗಿ, ಮತ್ತ ಹಂಗ ಬಂತು. ಎಷ್ಟು ಸಲ ಅಂತ ನಾ ಹೇಳಂಗಿಲ್ಲ. ನನಗ ಅಳು ಬಂತು, ಕಣ್ಣಾಗ ಧೂಳು ಬಿತ್ತು ಅಂತ ಅರಿವಿ ಹಚ್ಚಿಕೊಂಡೆ.

"ಯಾರು ಮಾಡಿರಬೇಕಲೇ?" ಅಂತ ಕೇಳಿದೆ ನೋಡ್ರಿ, ನನ್ನ ಬಾಯಿಗೆ ಬೆಂಕಿ ಬೀಳಲಿ.

"ಯಾರೋ," ಅಂದ ಅಮರೇಶ. "ನಾ ಕೆಲಸಕ್ಕ ಹೋಗಾಂವ, ಇಲ್ಲಿ ನಿಂದ್ರಾಕ ಆಗಂಗಿಲ್ಲ. ನೀವು ಯಾರನ್ನೂ ನಂಬೋ ಪೈಕಿ ಅಲ್ಲ. ನೀವ ಒಂದು ಕಣ್ಣಿಡ್ರಿ ಸಾವ್ಕಾರ್ರ."

ಬೇಲಿ ಎದ್ದು ಹೊಲ ಮೇಯ್ದದ್ದು ಕೇಳೀರಿ. ಮೇಯ್ದ ಬೇಲಿಗೇ ಮತ್ತ ಕಾವಲಿ ಕೊಟ್ಟದ್ದು ಕೇಳೀರೇನು?

ಕಾವಲಿ ಕಾಯ್ದೆ. ಎರಡು ವರ್ಷ, ಮಾಘದಿಂದ ಮಳಿಗಾಲತನಕ, ಸಂಜಿ ನಾಕಕ್ಕ ಅಂಗಡಿ ಗಿರಿಜಾಗ ಒಪ್ಪಿಸಿ ಹೊಲಕ್ಕ ಹೋಗತಿದ್ದೆ. ಮರಿ ತಿನ್ನಾಕ ಮುಂಗಲಿ ಬಂದ್ರ ಓಡಸತಿದ್ದೆ, ತಗಡು ಹಾರಿದ್ರ ಕಟ್ಟತಿದ್ದೆ, ದೀಪಾವಳಿ ಆದ ಮ್ಯಾಲ ಹಳೇ ಮುಖ ಕೆತ್ತಿ ಹೊಸಾದು ಮಾಡಾಕ ಅಮರೇಶನ ಜೊತಿ ಮಣ್ಣು ತುಳಿತಿದ್ದೆ. ಊರ ಮಂದಿ ಈಗ ನನ್ನ ಮ್ಯಾಲ ಸಂಶಯ ಪಡಾಕ ಚಾಲೂ ಮಾಡಿದ್ರು. ಗೊಬ್ಬರದ ಸಾವ್ಕಾರಗ ಆ ಗ್ವಾಡ್ಯಾಗ ಏನೋ ಸಿಕ್ಕೈತಿ ಅಂತ. ಆದ್ರ ಸಂಶಯ ಪಡಬೇಕಾಗಿದ್ದ ಒಬ್ಬ ಮನಶ್ಯಾ ಮಾತ್ರ ಪಡಲಿಲ್ಲ. ಇದು ನನ್ನ ಸುಟ್ಟುಬಿಡತು. ಅಂವ ಚಾ ಕೊಟ್ರ, ಏನರ ತಿಳದೈತೇನು ಅಂತ ಕಪ್ಪು ಹಿಡಿಯೋ ಬೆರಳು ನೋಡತಿದ್ದೆ. ಅಂವ ಸುಮ್ಮಕ ಇದ್ರ, ಯಾಕ ಸುಮ್ಮಕ ಅದಾನ? ನಕ್ರ, ಯಾಕ ನಕ್ಕ? ಮೂರು ಸಲ ಹೇಳಬೇಕಂತ ಬಾಯಿ ತಗದೆ. ಒಮ್ಮೆ ಮಳಿ ಬಂತು, ಒಮ್ಮೆ ಅಂವನ ಮಗಳು ಬುತ್ತಿ ತಂದ್ಳು. ಮೂರನೇ ಸಲ ಏನೂ ಅಡ್ಡ ಬರಲಿಲ್ಲ, ನಂದ ಧೈರ್ಯ ಸಾಲಲಿಲ್ಲ.

ಗಿರಿಜಾಗ ಮಾತ್ರ ಹೇಳಿದ್ದೆ. ಆಕಿ ಬೈತ್ಯಾಳ ಅಂದುಕೊಂಡಿದ್ದೆ. ಆಕಿ ರೊಟ್ಟಿ ತಟ್ಟೋದು ನಿಲ್ಲಿಸಿ, "ವಿಭೂತಿಲೆ?" ಅಂದ್ಳು. ಅಷ್ಟ. ಅದಕ್ಕಿಂತ ಬೈದಿದ್ರ ಪಾಡಿತ್ತು.

ಆ ಬಸ್ಸಿನ ಮಣ್ಣಿನ ವಾಸನಿ ನನ್ನ ಬಾಯಿ ಕಟ್ಟಿಸಿದ್ದು ಇದಕ್ಕ. ಬಸ್ಸಿಳಿದು ಅಂಗಡಿಗೆ ಹೋಗಲಿಲ್ಲ, ಆಟೋ ಹಿಡದು ಸೀದಾ ಗೊರೇಬಾಳಕ್ಕ ಹೋದೆ. ಅಮರೇಶ ಗ್ವಾಡಿ ಮುಂದ ಕುಂತು ಬೀಡಿ ಸೇದಾಕತ್ತಿದ್ದ. ಈ ವರ್ಷ ಹನ್ನೊಂದು ಬಿಲ ಅದಾವ. ನಾ ನಿಂತಂಗ ನಿಂತು ಒಂದ ಉಸುರಿಗೆ ಹೇಳಿದೆ.

"ಅಮರೇಶ, ಅವತ್ತು ಬಾಯಿ ಮುಚ್ಚಿದಾಂವ ನಾನ."

ಅಂವ ಬೀಡಿ ನೆಲಕ್ಕ ಒತ್ತಿದ. "ಗೊತ್ತಿತ್ರಿ."

"ಯಾವಾಗಿಂದ?"

"ಅವತ್ತಿಂದ. ಮೂರು ಗೆರಿ ನೋಡೇ ನಿಮ್ಮ ಅಂಗಡಿಗೆ ಬಂದದ್ದು. ಇಲ್ಲಂದ್ರ ಸಿಂಧನೂರತನಕ ಯಾಕ ಬರತಿದ್ದೆ? ಊರಾಗ ಮಂದಿ ಇದ್ದಿಲ್ಲೇನು?"

ನನಗ ಮೊದಲು ಬಂದದ್ದು ಸಿಟ್ಟು. ಎರಡು ವರ್ಷ! "ಎರಡು ವರ್ಷ ನನ್ನ ಆಟ ನೋಡಕೋತ ಕುಂತಿದ್ದೇನಲೇ? ಒಂದು ಮಾತು ಬೈಯಾಕ ಏನಾಗಿತ್ತು ನಿನಗ? ಕಪಾಳಕ್ಕ ಹೊಡಿಯಾಕ ಏನಾಗಿತ್ತು?"

"ಬೈಯಾಕ ನನಗ ಬಾಯಿ ಇದ್ದಿಲ್ರಿ," ಅಂದ. "ಕಾಲುವಿಗೆ ಲೈನಿಂಗ್ ಯಾರು ಮಾಡಿದ್ರಂತ ತಿಳದೀರಿ?" ಅಂತ ಕೇಳಿದ.

"ಯಾಂವೋ ಗುತ್ತೇದಾರ."

"ಅಂವ ಬರೇ ಗುತ್ತೇದಾರ. ಈ ಕಡೀ ದಂಡಿ ಪೂರಾ ನನ್ನ ಕೈಲೆ ಆಗಿದ್ದು. ನೀರು ಬಂದ್ ಆದ ಮ್ಯಾಲ ಎಪ್ರಿಲಿನ್ಯಾಗ ಹಿಡದ್ವಿ. ದಂಡಿ ತುಂಬಾ ಬಿಲ ಇದ್ವು. ಹಕ್ಕಿ ತಲಿಗೆ ಬಡದಂಗ ಬಂದು ಬಂದು ಹೋಗಾಕತ್ತಿದ್ವು. ನಾ ಒಂದಕ್ಕ ಕಿವಿ ಹಚ್ಚಿದೆ. ಒಳಗ ಮರಿ ಇದ್ವು ಸಾವ್ಕಾರ್ರ, ಕೇಳಿದೆ ನಾ. ಹದಿನೈದು ದಿನ ತಡದಿದ್ರ ಹಾರಿ ಹೋಗತಿದ್ವು. ಆದ್ರ ಯಾರಿಗೂ ಹೇಳಲಿಲ್ಲ. ಹೇಳಿದ್ರ ಕೆಲಸ ನಿಲ್ಲತೈತಿ, ಇಲ್ಲಾ ನನ್ನ ಬಿಟ್ಟು ಇನ್ನೊಬ್ಬನ್ನ ಹಚ್ಚತಾರ ಅಂತ."

"ಮತ್ತ?"

"ಮಿಕ್ಸರ್ ಚಾಲೂ ಮಾಡ್ರಲೇ ಅಂದೆ. ಮಿಕ್ಸರ್ ತಿರಗಾಕತ್ತಿದ್ರ ಬ್ಯಾರೆ ಸಪ್ಪಳ ಕೇಳಂಗಿಲ್ರಿ."

ತಂತಿ ಮ್ಯಾಲಿಂದ ಒಂದು ಹಕ್ಕಿ ಇಳದು ಬಿಲದಾಗ ಹೋತು. ಅಂವ ಅದನ್ನ ನೋಡಲಿಲ್ಲ.

"ಎಷ್ಟು ಬಿಲ ಇದ್ವು?" ನನಗ ಇಂಥಾ ಪ್ರಶ್ನೆನ ಹೊಳಿಯೋದು.

"ಎಣಿಸಲಿಲ್ರಿ," ಅಂದ. "ನೀವು ಮುಚ್ಚಿದ್ದು ಮಣ್ಣು, ಇಬ್ಬರೂ ಕೂಡಿ ಬಿಚ್ಚಿದ್ವಿ. ನಂದು ಕಾಂಕ್ರೀಟು."

ನಾ ಅಂವನ ಬಾಜೂಕ ಕುಂತೆ. ಸಮಾಧಾನ ಹೇಳಾಕ ನಾ ಯಾರು? ಅಂವ ಹೊಲಕ್ಕ ಬರಬೇಕಂದ್ರ ಕಾಲುವಿ ದಾರಿ ಬಿಟ್ಟು ಊರ ಸುತ್ತಿ ಬರತಾನ, ನಾ ಎರಡು ವರ್ಷದಿಂದ ನೋಡಾಕತ್ತೀನಿ. ಅದಕ್ಕೂ ಒಂದು ಸಂಶಯ ಕಟ್ಟಿದ್ದೆ. ದಾರ್ಯಾಗ ಯಾರೋ ಬೇಕಾದೋರ ಮನಿ ಇರಬೇಕು ಅಂತ. ಸಿಂಧನೂರಿನ ಅಷ್ಟೂ ಅಂಗಡಿ ಕೀಲಿ ಜಗ್ಗಿ ನೋಡೋ ನನಗ, ಬಾಜೂ ಹೊಲದ ಮನಶ್ಯಾನ ಎದಿ ಮ್ಯಾಲ ಏನೈತಿ ಅಂತ ಕಾಣಲಿಲ್ಲ.

ಹೊತ್ತು ಮುಳುಗೋ ಮುಂದ ಹೇಳಿದೆ. ಕಾಲುವಿಗೆ ಹತ್ತಿದ ನನ್ನ ಮೂಲ್ಯಾಗ ಎರಡನೇ ಗ್ವಾಡಿ ಎಬ್ಬಿಸೋಣು, ಇದಕ್ಕಿಂತ ಉದ್ದ. ಹಕ್ಕಿ ಇನ್ನೂ ಅಲ್ಲಿ ಸುತ್ತತಾವ, ಹಳೇ ಜಾಗಾ ಮರತಿಲ್ಲ.

"ಅಲ್ಲಿ ಬ್ಯಾಡ್ರಿ ಸಾವ್ಕಾರ್ರ," ಅಂದ. "ಅಲ್ಲಿ ನನ್ನ ಕೈಲೆ ನಿಂದ್ರಾಕ ಆಗಂಗಿಲ್ಲ."

"ಅಲ್ಲೇ ಅಮರೇಶ. ನಾ ಬಾಜೂಕ ಇರತೀನಿ. ಐತವಾರ ಮುಂಜಾನಿ ಕಾಲುವಿ ದಾರಿ ಹಿಡದು ಹೋಗೋಣು, ಜಾಗಾ ಅಳಿಯಾಕ."

ಅಂವ ಎದ್ದು ಪಂಚೆ ಝಾಡಿಸಿಕೊಂಡು ಊರ ಸುತ್ತಿನ ದಾರಿ ಹಿಡದು ಹೋದ.

ನಾಳೆ ಐತವಾರ. ಹಗ್ಗ, ಗೂಟ ತಗದು ಬಾಗಲಕ್ಕ ಇಟ್ಟೀನಿ. ಈಗ ಗಿರಿಜಾ ಬಂದು, "ಅಂವ ಬರ್ತಾನಂತ ಏನು ಗ್ಯಾರಂಟಿ? ಫೋನ್ ಹಚ್ಚಿ ಕೇಳಬಾರದೇನು?" ಅಂತ ಕೇಳಿದ್ಳು. ಎಂದಾದ್ರೂ ಇಂಥಾ ಮಾತು ಆಕಿ ಬಾಯಾಗಿಂದ ಬಂದಿತ್ತೇನು? ಅದು ನನ್ನ ಮಾತು. ನಾ ಫೋನ್ ಹಚ್ಚಲಿಲ್ಲ.

"ಬರ್ತಾನ," ಅಂದೆ.